ಇಪ್ಪತ್ತಮೂರು ಸಲಾಂ

ಕತಾರಿನ ಮದೀನತ್ ಖಲೀಫಾದಲ್ಲಿರುವ ಪಕೀರಬ್ಬರ ಇಸ್ತ್ರಿ ಅಂಗಡಿಗೆ ನಾನು ಹತ್ತೊಂಬತ್ತು ವರ್ಷ ಅಂಗಿ ಕೊಟ್ಟಿದ್ದೇನೆ. ಅಷ್ಟು ವರ್ಷವೂ ಅಲ್ಲಿ ನನ್ನ ಹೆಸರು ನೂರ ಮೂವತ್ತೊಂದು. ಬೇರೆ ಲಾಂಡ್ರಿಗಳಲ್ಲಿ ಚೀಟಿಯ ಮೇಲೆ ಗಿರಾಕಿಯ ಹೆಸರು ಬರೆಯುತ್ತಾರೆ. ಪಕೀರಬ್ಬ ಬರೆಯುತ್ತಿರಲಿಲ್ಲ. ಅರಬರ ನಿಲುವಂಗಿಯಾಗಲಿ, ನನ್ನಂಥ ಗುಮಾಸ್ತನ ಕಾಲರು ಸವೆದ ಅಂಗಿಯಾಗಲಿ, ಒಳಗೆ ಬಟ್ಟೆಯ ಚೂರಿನ ಮೇಲೊಂದು ನಂಬರು. ಯಾವ ನಂಬರು ಯಾರದೆಂಬುದು ಅವರ ತಲೆಯಲ್ಲಿ ಮಾತ್ರ.

ಇನ್ನೊಂದು ಹಟವೂ ಇತ್ತು. ನಮ್ಮ ಕರಾವಳಿಯವರು ಯಾರು ರಜೆಗೆ ಹೊರಟರೂ ಉಳಿದವರೆಲ್ಲ ಅವರ ಕೈಯಲ್ಲಿ ಊರಿಗೆ ಸಲಾಂ ಹೇಳಿ ಕಳಿಸುವುದು ವಾಡಿಕೆ. ಪಕೀರಬ್ಬ ಯಾರದೇ ಗಂಟನ್ನಾದರೂ ಒಯ್ಯುತ್ತಿದ್ದರು. ಹಾಲಿನ ಪುಡಿ, ನೋವಿನ ಎಣ್ಣೆ, ಒಮ್ಮೆ ಯಾರದೋ ಅಜ್ಜಿಯ ಹಲ್ಲಿನ ಸೆಟ್ಟು. ಸಲಾಂ ಮಾತ್ರ ಒಯ್ಯುತ್ತಿರಲಿಲ್ಲ. ಅದನ್ನು ನೀವೇ ಫೋನ್ ಮಾಡಿ ಹೇಳಿ ಎನ್ನುತ್ತಿದ್ದರು. ಮೂವತ್ತು ಕಿಲೋ ಹೊರುವ ಮನುಷ್ಯನಿಗೆ ತೂಕವೇ ಇಲ್ಲದ ಸಲಾಂ ಭಾರವಾಗುತ್ತದೆಂದು ನಾನು ಇಲ್ಲಿನ ನಮ್ಮ ಕರಾವಳಿಯವರ ಸಂಘದ ಸ್ಮರಣ ಸಂಚಿಕೆಯಲ್ಲಿ ಬರೆದೆ. ಎಲ್ಲರೂ ನಕ್ಕರು. ನನ್ನ ಬರಹಕ್ಕೆ ಜನ ನಕ್ಕದ್ದು ಅದೊಂದೇ ಸಲವಾದ್ದರಿಂದ ಚೆನ್ನಾಗಿ ನೆನಪಿದೆ. ಪಕೀರಬ್ಬ ಅದನ್ನು ಓದಿಸಿಕೊಂಡು ಕೇಳಿ, ನನ್ನ ಅಂಗಿಯನ್ನು ಎಂದಿನಂತೆಯೇ ನೀಟಾಗಿ ಮಡಚಿ ಕೊಟ್ಟರು.

ಕಾರಣ ನನಗೆ ತಿಳಿದದ್ದು ಹೋದ ವರ್ಷ, ಅವರು ಕತಾರ್ ಬಿಟ್ಟು ಕಾಯಂ ಆಗಿ ಊರಿಗೆ ಹೊರಡುವ ತಯಾರಿಯಲ್ಲಿದ್ದಾಗ. ಮೂವತ್ತನಾಲ್ಕು ವರ್ಷದ ಮೇಲೆ ಮನೆ ಸೇರುವವರ ಮುಖದಲ್ಲಿ ಸಂತೋಷವಿರಲಿಲ್ಲ. ಕೇಳಿದೆ. ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟು ಹೇಳಿದರು.

ಊರಿನಲ್ಲಿ ಅವರ ಮನೆಗೆ ‘ಪಟ್ಟಿ ಕೊಟ್ಟವರ ಮನೆ’ ಎಂದು ಹೆಸರು. ಅವರ ಅಜ್ಜ ಚೆಯ್ಯಬ್ಬ ಹಡಗಿನ ಅಡುಗೆಯವರಾಗಿ ಹೋಗಿ, ಇಂಗ್ಲೆಂಡಿನಲ್ಲಿ ಇಳಿದು, ಅಲ್ಲಿ ಉತ್ತರದ ಕಡೆಯ ಮೌಲವಿಗಳು ಧರ್ಮಪ್ರಚಾರಕ್ಕೆಂದು ನಡೆಸುತ್ತಿದ್ದ ಒಂದು ಪ್ರಾರ್ಥನಾ ಮನೆಯಲ್ಲಿ ಅನ್ನ ಬೇಯಿಸುತ್ತಿದ್ದರಂತೆ. ಆ ಕಾಲದಲ್ಲೇ ಊರಿಗೆ ಪೊಲೀಸರು ಹೆಸರಿನ ಪಟ್ಟಿ ಹಿಡಿದು ಬಂದು ಇಪ್ಪತ್ತಕ್ಕೂ ಹೆಚ್ಚು ಮನೆಗಳನ್ನು ಜಾಲಾಡಿದರು. ಕೆಲವರ ಕೆಲಸ ಹೋಯಿತು. ಮಂಗಳೂರಿನ ಬಂದರು ಕಚೇರಿಯಲ್ಲಿ ಜವಾನರಾಗಿದ್ದ ಇದ್ದಿನಬ್ಬ ಕೆಲಸವನ್ನೂ ಕಳೆದುಕೊಂಡು ಮರ್ಯಾದೆಯನ್ನೂ ಕಳೆದುಕೊಂಡು ಎರಡೇ ವರ್ಷದಲ್ಲಿ ತೀರಿಹೋದರು. ಚೆಯ್ಯಬ್ಬರಿಗೆ ಮಾತ್ರ ಏನೂ ಆಗಲಿಲ್ಲ. ಸುಖವಾಗಿ ಹಡಗು ಹತ್ತಿ ಬಂದರು. ಹಾಗಾದರೆ ಹೆಸರು ಕೊಟ್ಟವರು ಯಾರು? ಊರಿಗೆ ಲೆಕ್ಕ ಸುಲಭವಾಗಿ ಸಿಕ್ಕಿತು. ಅಂದಿನಿಂದ ಆ ಮನೆಯವರು ಯಾರ ಹೆಸರನ್ನೂ ಬರೆಯುವುದಿಲ್ಲ, ಯಾರ ಹೆಸರನ್ನೂ ಒಯ್ಯುವುದಿಲ್ಲ.

“ಸಾಯುವ ಮೊದಲು ಆ ಹೆಸರನ್ನೊಮ್ಮೆ ತೊಳೆಯಬೇಕಿತ್ತು ಗಿರಿಯಪ್ಪಣ್ಣ” ಎಂದರು. “ಬಾಕಿ ಎಲ್ಲ ತೊಳೆದಾಯ್ತು.”

ಆಫೀಸಿನಲ್ಲಿ ನನಗೆ ಊಟದ ನಂತರ ಕೆಲಸವಿರುವುದಿಲ್ಲ, ಮೊದಲೂ ಹೆಚ್ಚಿಗೆ ಇರುವುದಿಲ್ಲ. ಬ್ರಿಟಿಷರ ಹಳೆಯ ಕಡತಗಳನ್ನು ಈಗ ಇಲ್ಲಿನ ಗ್ರಂಥಾಲಯದವರು ಇಂಟರ್ನೆಟ್ಟಿಗೆ ಹಾಕಿದ್ದಾರೆ. ಆರು ವಾರ ಹುಡುಕಿದೆ. ಯುರೋಪಿನಲ್ಲಿ ಇಸ್ಲಾಂ ಪ್ರಚಾರ ಮಾಡುವವರ ಮೇಲೆ ನಿಗಾ ಎಂಬ ದಪ್ಪದೊಂದು ಕಡತದಲ್ಲಿ, ನೂರೈವತ್ತು ಪುಟ ದಾಟಿದ ಮೇಲೆ, ಚೆಯ್ಯಬ್ಬ ಸಿಕ್ಕಿದರು.

ಪುಟಗಳನ್ನು ಅಚ್ಚು ತೆಗೆದು ಶುಕ್ರವಾರ ಮಧ್ಯಾಹ್ನ ಅಂಗಡಿಗೆ ಒಯ್ದೆ. ಪಕೀರಬ್ಬ ಅರ್ಧ ಷಟರ್ ಎಳೆದು, ತಲೆಗೆ ಟೊಪ್ಪಿ ಇಟ್ಟುಕೊಂಡು ಸ್ಟೂಲಿನ ಮೇಲೆ ಕೂತರು.

ಅದೊಂದು ಕಾಗದ. ಚೆಯ್ಯಬ್ಬ 1922ರಲ್ಲಿ ಮನೆಗೆ ಬರೆಸಿದ್ದು. ಅಂಚೆಯಲ್ಲಿ ತಡೆದು ಸರಕಾರ ಇಂಗ್ಲಿಷಿಗೆ ಮಾಡಿಸಿಕೊಂಡಿತ್ತು. ಇಲ್ಲಿ ಚಳಿ ಜೋರು, ಮೀನಿಗೆ ರುಚಿಯಿಲ್ಲ, ಮೌಲವಿಗಳು ಒಳ್ಳೆಯವರು ಆದರೆ ಖಾರ ತಿನ್ನುವುದಿಲ್ಲ. ಇಷ್ಟು ನಾಲ್ಕು ಸಾಲು. ಉಳಿದ ಒಂದೂವರೆ ಪುಟವೆಲ್ಲ ಸಲಾಂ. ಮಸೀದಿಯ ಖತೀಬರಿಗೆ ನನ್ನ ಸಲಾಂ ಹೇಳುವುದು, ದೊಡ್ಡ ಮನೆಯವರಿಗೆ ಹೇಳುವುದು, ಬಂದರು ಕಚೇರಿಯ ಇದ್ದಿನಬ್ಬರಿಗೆ ಹೇಳುವುದು, ದೋಣಿಯ ದುಗ್ಗುವಿಗೆ ಕೇಳಿದೆನೆಂದು ಹೇಳುವುದು. ಒಟ್ಟು ಇಪ್ಪತ್ತಮೂರು ಜನ.

ಮಗ್ಗುಲಲ್ಲಿ ಅಧಿಕಾರಿಯ ಟಿಪ್ಪಣಿ. ಒಬ್ಬ ಅಡುಗೆಯವನಿಗೆ ಇಪ್ಪತ್ತಮೂರು ಜನರ ಪರಿಚಯ ಏಕೆ ಬೇಕು? ಹೆಸರುಗಳ ಅನುಕ್ರಮ ಪದವಿಯನ್ನು ಸೂಚಿಸುವಂತಿದೆ. ಪಟ್ಟಿಯಲ್ಲಿ ಒಬ್ಬ ಹಿಂದೂ ಇರುವುದರಿಂದ ಚಳವಳಿ ವಿಸ್ತರಿಸುತ್ತಿದೆಯೆಂದು ಭಾವಿಸಬಹುದು. ಏಳನೆಯವನು, ಬಂದರು ಕಚೇರಿಯವನು, ಸರಕಾರಿ ನೌಕರಿಯಲ್ಲಿದ್ದಾನೆ, ಕೆಲಸದಿಂದ ತೆಗೆಯತಕ್ಕದ್ದು.

ನಾನು ನಕ್ಕೆ. ಲಂಡನ್ನಿನಲ್ಲಿ ಕೂತ ಆ ದೊರೆಗೆ ನಮ್ಮ ದುಗ್ಗು ಯುರೋಪನ್ನೇ ಮತಾಂತರಿಸುವ ಹುನ್ನಾರದ ಸದಸ್ಯನಾಗಿ ಕಂಡದ್ದನ್ನು ನೆನೆದು ಇನ್ನೂ ನಗುತ್ತಿದ್ದೆ. ಪಕೀರಬ್ಬ ನಗಲಿಲ್ಲ. ಹೆಸರುಗಳನ್ನು ಇನ್ನೊಮ್ಮೆ ಓದಲು ಹೇಳಿದರು. ಓದಿದೆ. ಒಂದೊಂದಕ್ಕೂ ತಲೆಯಾಡಿಸಿದರು.

“ಇದು ಸಲಾಂ ಮಾತ್ರ ಅಲ್ವಾ?”

“ಸಲಾಂ ಮಾತ್ರ ಪಕೀರಾಕ.”

ಕಡತದ ಕೊನೆಯ ಪುಟವನ್ನೂ ಓದಬೇಕಾಯಿತು. ಎರಡು ವರ್ಷದ ನಂತರದ ಟಿಪ್ಪಣಿ. ಅಡುಗೆಯವನು ನಿರಪಾಯಕಾರಿ, ಅವನ ಹೆಸರನ್ನು ತೆಗೆದುಹಾಕಬಹುದು. ಕಾಗದದಲ್ಲಿದ್ದ ಉಳಿದವರ ವಿರುದ್ಧವೂ ಏನೂ ಸಿಕ್ಕಿಲ್ಲ. ಆದರೂ ಅವರ ಹೆಸರು ಇರಲಿ, ಮುಂದೆ ಉಪಯೋಗಕ್ಕೆ ಬಂದೀತು.

ಪಕೀರಬ್ಬ ಬಹಳ ಹೊತ್ತು ಆ ಹಾಳೆಯನ್ನು ಕೈಯಿಂದ ಸವರಿ ಸುಕ್ಕು ತೆಗೆಯುತ್ತಿದ್ದರು. ಆಮೇಲೆ, ಇದನ್ನು ಫಾಯಿಝಿಗೆ ತೋರಿಸುವ ಎಂದರು. ಫಾಯಿಝ್ ಇದ್ದಿನಬ್ಬರ ಮೊಮ್ಮಗ. ಅಲ್ ಹಿಲಾಲಿನಲ್ಲಿ ಕಾರಿನ ಬಿಡಿಭಾಗಗಳ ಅಂಗಡಿ, ನಮ್ಮ ಸಂಘದ ಅಧ್ಯಕ್ಷ. ಮೂವತ್ತು ವರ್ಷದಿಂದ ಪಕೀರಬ್ಬರ ಎದುರು ಸಿಕ್ಕರೂ ಮುಖ ಕೊಟ್ಟು ಮಾತಾಡಿದವನಲ್ಲ. ಅವನನ್ನು ಕೂರಿಸಿ, ಚಹಾ ಕೊಟ್ಟು, ಕೈಯಲ್ಲಿ ಕಾಗದ ಇಡಬೇಕೆಂಬುದು ಪಕೀರಬ್ಬರ ಆಸೆ.

ಅಲ್ಲಿ ನಾನು ಬಾಯಿ ಹಾಕಿದೆ. ಹೆಸರು ಕೆಡಿಸಿದ್ದು ಇಡೀ ಊರು, ಒಬ್ಬನಿಗೆ ತೋರಿಸಿದರೆ ಸಾಕೇ? ಸಂಘದ ವಾಟ್ಸಾಪ್ ಗುಂಪಿನಲ್ಲಿ ಊರಿನ ಇನ್ನೂರನಲವತ್ತು ಜನರಿದ್ದಾರೆ, ಒಂದೇ ಏಟಿಗೆ ಎಲ್ಲರಿಗೂ ಗೊತ್ತಾಗಲಿ ಎಂದೆ. ಅವರು ಅನುಮಾನಿಸಿದರು.

“ಹೆಸರು ಹಾಕುವುದು ಬೇಡ ಅಂತ ಕಾಣ್ತದೆ.”

ಹೆಸರಿಲ್ಲದೆ ಯಾರು ನಂಬುತ್ತಾರೆ ಎಂದು ನಾನು ವಾದಿಸಿದೆ. ಓದಿದವರು ನೀವು ಎಂದು ಫೋನ್ ಕೊಟ್ಟರು. ಕನ್ನಡದಲ್ಲಿ ಚೆಂದದ ಮುನ್ನುಡಿ ಬರೆದು, ಇಪ್ಪತ್ತಮೂರು ಹೆಸರನ್ನೂ ಅಂದವಾಗಿ ಜೋಡಿಸಿ, ಪ್ರತಿಯೊಂದರ ಮುಂದೆ ಈಗ ಅದು ಯಾರ ಮನೆ ಎಂಬುದನ್ನೂ ಅವರಿಂದ ಕೇಳಿ ಸೇರಿಸಿ, ಅವರ ಫೋನಿನಿಂದಲೇ ಕಳಿಸಿದೆ. ಬ್ರಿಟಿಷರ ಅಧಿಕಾರಿಗೂ ಅಷ್ಟು ಒಳ್ಳೆಯ ಪಟ್ಟಿ ಮಾಡಲಾಗಿರಲಿಲ್ಲ.

ಇಳಿಹೊತ್ತಿನ ಅಸರ್ ನಮಾಜಿನ ಬಾಂಗ್ ಆಗುವ ಮೊದಲೇ ಫಾಯಿಝ್ ಬಂದ. ಅರ್ಧ ಷಟರಿನ ಕೆಳಗಿಂದ ಬಗ್ಗಿ ಒಳಬಂದವನ ಕೈಯಲ್ಲಿ ಫೋನಿತ್ತು. ಚಹಾ ಬೇಡವೆಂದ.

“ನನ್ನ ಮಗ ಅಝರ್‌ಗೆ ಮುಂದಿನ ಬುಧವಾರ ಜರ್ಮನಿ ವೀಸಾದ ಇಂಟರ್‌ವ್ಯೂ. ಗೊತ್ತುಂಟಾ ನಿಮಗೆ?”

ಪಕೀರಬ್ಬ ಗೊತ್ತಿಲ್ಲವೆಂದು ತಲೆಯಾಡಿಸಿದರು.

“ಯುರೋಪಿನಲ್ಲಿ ಮತಪ್ರಚಾರದವರ ಪಟ್ಟಿ, ಅದರಲ್ಲಿ ನನ್ನ ಮನೆ. ಈಗ ಎಷ್ಟು ಫೋನಿಗೆ ಹೋಗಿರಬಹುದು? ಅಲ್ಲಿಯವರಿಗೆ ಅದು ನೂರು ವರ್ಷದ ಹಿಂದಿನದು ಅಂತ ಯಾರು ಹೇಳುವುದು?”

ಪಕೀರಬ್ಬ ಹಾಳೆಯನ್ನು ಮುಂದೆ ಚಾಚಿದರು. ಅಜ್ಜ ಕಳಿಸಿದ್ದು ಸಲಾಂ ಮಾತ್ರ, ನೀನೇ ಓದು ಎಂದರು. ಫಾಯಿಝ್ ಓದಿದ. ಕೊನೆಯ ಪುಟವನ್ನು ಎರಡು ಸಲ ಓದಿದ.

“ನಿಮ್ಮ ಅಜ್ಜನ ಹೆಸರು ತೆಗೆದರು. ನನ್ನ ಅಜ್ಜನದ್ದು ಇಟ್ಟುಕೊಂಡರು. ಇದರಲ್ಲಿ ನಾನು ಓದಿ ಖುಷಿಪಡುವುದು ಎಂತ ಉಂಟು?”

ಬರೆದದ್ದು ನಾನು, ಕಳಿಸಿದ್ದೂ ನಾನು ಎಂದು ಅಡ್ಡ ಬಂದೆ. ಅವನು ನನ್ನತ್ತ ತಿರುಗಲೂ ಇಲ್ಲ. ಪಕೀರಬ್ಬರನ್ನೇ ನೋಡಿ, “ಫೋನ್ ನಿಮ್ಮದಲ್ವಾ?” ಎಂದ.

ಸಂದೇಶ ಅಳಿಸಿದೆವು. ಅಷ್ಟರಲ್ಲಿ ಅದು ರಾಸ್ ಲಫಾನಿನ ಗ್ಯಾಸ್ ಸ್ಥಾವರದ ಶಿಫ್ಟಿನವರಿಂದ ಹಿಡಿದು ಊರಿನ ಮಸೀದಿಯ ಗುಂಪಿನವರೆಗೆ ತಲುಪಿತ್ತು. ಸಂಜೆಯೊಳಗೆ ಪಕೀರಬ್ಬರ ಹೆಸರನ್ನು ಸಂಘದ ಗುಂಪಿನಿಂದ ತೆಗೆದರು. ಊರಿನಿಂದ ಹೆಂಡತಿ ಝುಲೈಖಾ ಫೋನ್ ಮಾಡಿ, ನೀವು ಅಲ್ಲಿ ಯಾರದ್ದೋ ಪಟ್ಟಿ ಕೊಟ್ಟಿರಂತೆ, ಬಾವಿಕಟ್ಟೆಯಲ್ಲಿ ಮಾತಾಡುತ್ತಿದ್ದಾರೆ ಎಂದರು. ಅಜ್ಜನ ಹೆಸರು ತೊಳೆಯಲು ಹೊರಟವರಿಗೆ ಈಗ ಅದು ಸ್ವಂತದ್ದಾಗಿಯೂ ಸಿಕ್ಕಿತು. ಎರಡು ವಾರದಲ್ಲಿ ಅಝರ್‌ಗೆ ವೀಸಾ ಬಂತು. ಯಾರೂ ಏನೂ ಕೇಳಿರಲಿಲ್ಲವಂತೆ. ಆ ಸುದ್ದಿಯನ್ನು ಪಕೀರಬ್ಬರಿಗೆ ಹೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲ. ನಾನೇ ಹೋಗಿ ಹೇಳಿದೆ. “ಅಲ್‌ಹಮ್‌ದುಲಿಲ್ಲಾ” ಎಂದು ಇಸ್ತ್ರಿ ಮುಂದುವರಿಸಿದರು.

ಅವರು ಹೊರಡುವ ಹಿಂದಿನ ದಿನ ನನ್ನ ಐದು ಅಂಗಿ ತರಲು ಹೋದೆ. ಅಂಗಡಿಯನ್ನು ಕಣ್ಣೂರಿನವನೊಬ್ಬನಿಗೆ ಬಿಟ್ಟುಕೊಟ್ಟಿದ್ದರು. ಅವನು ಗಲ್ಲಾಪೆಟ್ಟಿಗೆಯ ಮೇಲೆ ಹೊಸ ಚೀಟಿ ಪುಸ್ತಕ ಇಟ್ಟುಕೊಂಡಿದ್ದ, ನಂಬರಿನ ಪಕ್ಕದಲ್ಲಿ ಗಿರಾಕಿಯ ಹೆಸರು ಬರೆಯಲೂ ಗೆರೆ ಇದ್ದದ್ದು. ಕ್ಷಮೆ ಕೇಳಲು ಒಂದು ವಾರದಿಂದ ವಾಕ್ಯ ಕಟ್ಟುತ್ತಿದ್ದೆ. ಬಾಯಿಂದ ಬಂದದ್ದು ಮಾತ್ರ, “ಪಕೀರಾಕ, ಮನೆಯಲ್ಲಿ ಝುಲೈಖಾಬಿಗೆ…”

“ಬೇಡ ಗಿರಿಯಪ್ಪಣ್ಣ” ಎಂದರು. ಸಿಟ್ಟಿನಿಂದಲ್ಲ.

ನಾನು ಹಾಸ್ಯ ಬರೆಯುವವನು, ಸುಮ್ಮನಿರಲಾಗದು. ಹಾಗಾದರೆ ಹೆಸರು ಬೇಡ, ನೂರ ಮೂವತ್ತೊಂದರ ಸಲಾಂ ಎಂದಾದರೂ ಹೇಳಿ ಎಂದೆ.

ಅವರು ಮೇಲಿನ ಅಂಗಿಯನ್ನೆತ್ತಿ, ಕಾಲರಿನೊಳಗಿನ ನಂಬರಿನ ಚೂರನ್ನು ಬ್ಲೇಡಿನಿಂದ ನಿಧಾನವಾಗಿ ಬಿಡಿಸಿದರು. ಆಮೇಲೆ ಉಳಿದ ನಾಲ್ಕರದ್ದೂ.

“ಆ ನಂಬರು ನಾಳೆಯಿಂದ ಬೇರೆ ಯಾರಿಗೋ ಹೋಗ್ತದೆ” ಎಂದರು. “ನಿಮ್ಮ ಸಲಾಂ ಅವರ ಮೇಲೆ ಯಾಕೆ ಹಾಕುವುದು?”