ಸುಣ್ಣ ಬಳಿದ ಕೊಂಡುಕುರಿ

ಹಿಂದಿನ ದಿನವೇ ತಂಗಿಗೆ ಹೇಳಿದ್ದೆ: ನೀರಿನ ಬಾಟಲಿ, ಮಾತ್ರೆ, ಕೊಡೆ, ಟವೆಲ್ಲು, ಇಷ್ಟೂ ಚೀಲದಲ್ಲಿರಬೇಕು, ಮೊದಲ ಬಸ್ಸು ತಪ್ಪಬಾರದು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು ನಾನು. ಹೊದ್ದ ಹೊದಿಕೆಯನ್ನು ಮಡಿಸದೆ ಎದ್ದು ಹೋದದ್ದು ನನಗೆ ನೆನಪಿಲ್ಲ. ಶಾಲೆಯಲ್ಲಿ ಚಿತ್ರಕಲೆ ಹೇಳಿಕೊಡುತ್ತಿದ್ದ ತಂಗಿ ಮಾತ್ರ ಚೀಲದಲ್ಲಿ ಒಂದು ಪೊಟ್ಟಣ ಮಂಡಕ್ಕಿ ಹಾಕಿಕೊಂಡು ಬಂದಿದ್ದಳು. ಉಳಿದದ್ದೆಲ್ಲ ನನ್ನ ಚೀಲದಲ್ಲಿ ಇರುತ್ತದೆಂದು ಅವಳಿಗೆ ಗೊತ್ತು.

ನಾವು ಹುಡುಕಲು ಹೊರಟದ್ದು ಒಂದು ಕೊಂಡುಕುರಿಯನ್ನು. ಜಗಳೂರಿನ ಕುರುಚಲು ಕಾಡಿನಲ್ಲಿರುವ, ನಾಲ್ಕು ಕೊಂಬಿನ ಸಣ್ಣ ಪ್ರಾಣಿ ಅದು. ಅರಣ್ಯ ಇಲಾಖೆಯವರು ಅದರ ಫೈಬರ್ ಗೊಂಬೆಗಳನ್ನು ಮಾಡಿಸಿ, ಒಬ್ಬೊಬ್ಬರಿಂದ ಒಂದೊಂದಕ್ಕೆ ಚಿತ್ರ ಬರೆಸಿ, ನಾಲ್ಕು ತಾಲ್ಲೂಕುಗಳಲ್ಲಿ ಒಂದೊಂದನ್ನು ಜನ ಓಡಾಡುವ ಕಡೆ ನಿಲ್ಲಿಸಿದ್ದರು. ದಾವಣಗೆರೆಯ ಶೆಡ್ಡೊಂದರಲ್ಲಿ ಕುಳಿತು ಒಂದಕ್ಕೆ ಬಣ್ಣ ಹಾಕಿದವಳು ನನ್ನ ತಂಗಿ. ಬಣ್ಣ ಒಣಗುವ ಮುಂಚೆಯೇ ಅವಳು ಜ್ವರ ಹಿಡಿದು ಊರಿಗೆ ಬಂದಳು. ಲಾರಿ ಅದನ್ನು ಯಾವ ಊರಿಗೆ ಒಯ್ದಿತೋ ತಿಳಿಯಲಿಲ್ಲ. ಆಮೇಲೆ ಅವಳ ಬಲಗೈ ನಡುಗಲು ಶುರುವಾಯಿತು. ಈಗ ಕಾಫಿ ಲೋಟವನ್ನೂ ಎರಡು ಕೈಯಲ್ಲಿ ಹಿಡಿಯುತ್ತಾಳೆ. ಆ ಕೈ ಬರೆದ ಕೊನೆಯ ಚಿತ್ರ ಅದು. ಇನ್ನೊಂದು ವಾರದಲ್ಲಿ ಗೊಂಬೆಗಳನ್ನೆಲ್ಲ ತೆಗೆದು ಮಾರುತ್ತಾರಂತೆ ಎಂದು ಕೇಳಿದ ದಿನ, “ಒಂದ್ಸಲ ನೋಡ್ಬೇಕಕ್ಕ” ಎಂದಳು.

ಚನ್ನಗಿರಿಯದು ನಮ್ಮ ಮನೆಯ ಹತ್ತಿರವೇ ಇತ್ತು. ಅದರ ಮೈತುಂಬ ಅಡಿಕೆ ಗೊನೆಗಳು, ಅವಳದಲ್ಲ. ಹೊನ್ನಾಳಿಯಲ್ಲಿ ಇಳಿದು ಕೇಳಿದಾಗ ಚಹಾ ಅಂಗಡಿಯವನು ಕೈ ತೋರಿಸಿದ. ದೀಪಾವಳಿ ಮುಗಿದ ಮೇಲೆ ಹೋರಿಗಳನ್ನು ಸಿಂಗರಿಸಿ ಓಡಿಸುವ ಸೀಮೆ ಅದು. ಓಡುವ ಹೋರಿಯ ಕೊರಳಿನ ಕೊಬ್ಬರಿ ಹಾರವನ್ನು ಕಿತ್ತುಕೊಂಡವನೇ ಗೆದ್ದವನು. ಯಾರೋ ಕೊಂಡುಕುರಿಗೂ ಹಾಗೆಯೇ ಜೂಲ ಹೊದಿಸಿ, ಬಲೂನು ಕಟ್ಟಿ, ಕೊಬ್ಬರಿ ಹಾರ ಹಾಕಿದ್ದರು.

“ಇದನ್ನೂ ಓಡಿಸ್ತೀರೇನಪ್ಪ?” ಎಂದಳು ತಂಗಿ.

“ಓಡಲ್ಲ ಬಿಡ್ರಮ್ಮ. ಓಡಿದ್ರೆ ಕೊಬ್ಬರಿ ಇಷ್ಟೊತ್ತಿಗೆ ಉಳೀತಿತ್ತೇನ್ರೀ?” ಎಂದು ಅಂಗಡಿಯವನು ನಕ್ಕ.

ಜೂಲ ಎತ್ತಿ ನೋಡಿದೆವು. ಕೆಳಗೆ ನದಿ, ಮೀನು. ಅವಳದಲ್ಲ.

ನ್ಯಾಮತಿಯದನ್ನು ಒಂದು ಬೀಜ-ಗೊಬ್ಬರದ ಅಂಗಡಿಯ ಮುಂದೆ ನಿಲ್ಲಿಸಿದ್ದರು. ನಾಲ್ಕು ಕೊಂಬಿಗೂ ಒಂದೊಂದು ಹೆಲ್ಮೆಟ್ ನೇತಾಡುತ್ತಿತ್ತು. “ನಾಕು ಕೊಂಬು ಇರೋದು ಚಲೋ ಆತು ನೋಡ್ರಿ, ಗಿರಾಕಿಗಳಿಗೆ ಹೆಲ್ಮೆಟ್ ಇಡಾಕೆ ಅನುಕೂಲ ಐತೆ” ಎಂದರು ಅಂಗಡಿಯವರು. ಮೈಮೇಲೆ ಮೆಕ್ಕೆಜೋಳದ ತೆನೆಗಳು. ಅದೂ ಅಲ್ಲ.

ಉಳಿದದ್ದು ಜಗಳೂರು. ನ್ಯಾಮತಿಯಿಂದ ಮತ್ತೆ ಹೊನ್ನಾಳಿ, ಅಲ್ಲಿಂದ ದಾವಣಗೆರೆ, ಅಲ್ಲಿ ಬಸ್ಸು ಬದಲಿಸಿ ಮುಂದೆ. ನನ್ನ ಲೆಕ್ಕದಲ್ಲಿ ಎಲ್ಲ ಸರಿಯಿತ್ತು, ನನ್ನ ಕಾಲೊಂದನ್ನು ಬಿಟ್ಟು. ಪಾದ ಊದಿಕೊಂಡು ಚಪ್ಪಲಿಯ ಪಟ್ಟಿ ಚರ್ಮದೊಳಗೆ ಇಳಿದಿತ್ತು. ಮಧ್ಯಾಹ್ನದ ಊಟದ ಹೊತ್ತು ಬಸ್ಸಿನಲ್ಲೇ ಕಳೆದುಹೋಯಿತು. ಅವಳು ಮಂಡಕ್ಕಿ ಪೊಟ್ಟಣ ಬಿಚ್ಚಿ ನನ್ನ ತೊಡೆಯ ಮೇಲಿಟ್ಟಳು. ಅವಳ ಕೈ ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಚೆಲ್ಲುತ್ತಿತ್ತು. ನಾನು ಸೀರೆಯಿಂದ ಒಂದೊಂದೇ ಕಾಳು ಆರಿಸತೊಡಗಿದೆ.

“ಇದು ವಾರ್ಡಲ್ಲ, ಬಿಡಕ್ಕ. ಯಾರೂ ರೌಂಡ್ಸಿಗೆ ಬರಲ್ಲ” ಎಂದಳು.

ಬಿಟ್ಟೆ. ಬಗ್ಗುವ ತ್ರಾಣವೂ ಇರಲಿಲ್ಲ. ದಾವಣಗೆರೆ ದಾಟಿದ ಮೇಲೆ ಅವಳು ಕಿಟಕಿಗೆ ಬಗ್ಗಿ ಪ್ರತಿ ಊರಿನ ಬೋರ್ಡನ್ನೂ ಓದತೊಡಗಿದಳು. ಕೊನೆಯದೂ ಅವಳದಲ್ಲದಿದ್ದರೆ ಏನು ಹೇಳುವುದೆಂದು ನಾನು ಯೋಚಿಸುತ್ತಿದ್ದೆ.

ಜಗಳೂರಿನಲ್ಲಿ ಒಂದು ಕಚೇರಿಯ ಮುಂದಿನ ರಸ್ತೆಯಲ್ಲಿ ಹಸಿ ಸುಣ್ಣದ ವಾಸನೆ ಹೊಡೆಯುತ್ತಿತ್ತು. ಮರಗಳ ಬುಡ, ಅಂಚುಗಲ್ಲು, ಬಾವುಟದ ಕಟ್ಟೆ ಎಲ್ಲಕ್ಕೂ ಸುಣ್ಣ, ನಡುವೆ ಕೆಮ್ಮಣ್ಣಿನ ಪಟ್ಟೆ. ಕಟ್ಟೆಯ ಪಕ್ಕದಲ್ಲಿ ಕೊಂಡುಕುರಿ ನಿಂತಿತ್ತು. ಅದಕ್ಕೂ ಕೊಂಬಿನಿಂದ ಗೊರಸಿನವರೆಗೆ ಸುಣ್ಣ. ಹೊಟ್ಟೆಗೆ ಅಡ್ಡಲಾಗಿ ಕೆಮ್ಮಣ್ಣಿನ ಪಟ್ಟೆ.

ಬಕೆಟ್ಟು ಹಿಡಿದ ಆಳೊಬ್ಬ ಓಡಿಬಂದ. “ಮುಟ್ಟಬ್ಯಾಡ್ರೀ, ಇನ್ನೂ ಹಸಿ ಐತೆ.”

“ಇದರ ಮೇಲೆ ಚಿತ್ರ ಇತ್ತಲ್ಲಪ್ಪ?” ಎಂದೆ.

“ಎಂಥ ಚಿತ್ರ ಬಿಡ್ರಿ. ಮೈಯೆಲ್ಲ ತೇಪೆ ಹಾಕಿದಂಗಿತ್ತು. ನಾಳೆ ಸಾಹೇಬ್ರು ಬರ್ತಾರೆ, ಹೆಂಗೆ ಬಿಡಾಕಾಗ್ತೈತೆ? ಅದಕ್ಕೇ ಚೊಕ್ಕ ಮಾಡೀನಿ.”

ತಂಗಿ ನನ್ನ ತೋಳು ಹಿಡಿದುಕೊಂಡಳು. “ತೇಪೆ ಅಂದ್ರಾ? ಅಕ್ಕ, ನಂದೇ ಇದು. ಅವ್ವನ ಕೌದಿ ಬರೆದಿದ್ದೆ.”

ಹಳೆಯ ಸೀರೆ, ಲಂಗ, ಅಪ್ಪನ ಪಂಚೆಗಳ ತುಂಡು ಸೇರಿಸಿ ಅವ್ವ ಹೊಲಿದ ಕೌದಿಯನ್ನು ನಾವಿಬ್ಬರೂ ಎಳೆದಾಡಿ ಹೊದ್ದವರು. ಅದು ಹರಿದು ಹೋಗಿ ಎಷ್ಟೋ ಕಾಲವಾಯಿತು. ಅದನ್ನೇ ಬರೆದಿದ್ದೇನೆಂದು ಅವಳು ನನಗೂ ಹೇಳಿರಲಿಲ್ಲ.

“ಒಂದು ಅಂಗೈ ಅಗಲ ಒರೆಸಿ ನೋಡ್ತೀವಪ್ಪ. ಆಮೇಲೆ ನೀನು ಬಳ್ಕೊ” ಎಂದೆ, ರೋಗಿಗಳ ಕಡೆಯವರೊಂದಿಗೆ ಮಾತಾಡುತ್ತಿದ್ದ ದನಿಯಲ್ಲಿ. ಅವನು ಆಚೀಚೆ ನೋಡಿದ. “ಲಗೂನ ನೋಡ್ರಿ ಮತ್ತೆ” ಎಂದು ಬಕೆಟ್ಟು ಕೆಳಗಿಟ್ಟ.

ನನ್ನ ಟವೆಲ್ಲು ನೆನೆಸಿ ಕೊಟ್ಟೆ. ಅವಳು ಬೆನ್ನಿನ ಮೇಲೆ, ಎಡಗಡೆ, ಒಂದು ಜಾಗ ಹುಡುಕಿ ಒರೆಸತೊಡಗಿದಳು. ಕೈ ಅಲ್ಲಿಲ್ಲಿ ಜಾರುತ್ತಿತ್ತು. ಅವಳ ಮಣಿಕಟ್ಟಿನ ಕೆಳಗೆ ನನ್ನ ಕೈ ಕೊಟ್ಟು ನಿಂತೆ. ಎಣ್ಣೆಬಣ್ಣದ ಮೇಲಿನ ಹಸಿ ಸುಣ್ಣ ಹಾಲಿನ ಹಾಗೆ ಇಳಿಯಿತು. ಆದರೆ ಕೆಳಗೂ ಬಿಳಿಯೇ. ಮತ್ತೊಮ್ಮೆ ನೆನೆಸಿ ಒರೆಸಿದಳು. ಬಿಳಿಯೇ.

“ಬಣ್ಣವೂ ಸುಣ್ಣದ ಜೊತೆ ಎದ್ದು ಹೋಯ್ತೇನೋ. ಬಾ, ಸಾಕು” ಎಂದೆ. ಕೂತುಬಿಡಬೇಕು ಅನ್ನಿಸುತ್ತಿತ್ತು.

“ಕನ್ನಡಕ ಹಾಕ್ಕೊ” ಎಂದಳು.

ಹಾಕಿಕೊಂಡು ಬಗ್ಗಿದೆ. ಬಿಳಿಯ ತುಂಡಿನ ಸುತ್ತ ಕೆಂಪು ದಾರದ ಹೊಲಿಗೆ, ಅವ್ವನ ಕೈಯಿನ ಹಾಗೆಯೇ ಒಂದು ಉದ್ದ, ಒಂದು ಗಿಡ್ಡ. ನಡುವೆ ಒಂದು ಕಾಜ, ಅದರ ಪಕ್ಕ ತೆಳ್ಳಗೆ ಅಳಿಯದೆ ಉಳಿದ ಶಾಯಿಯ ಕಲೆ.

“ನಿನ್ನ ಮೊದಲನೇ ನರ್ಸಿಂಗ್ ಯೂನಿಫಾರ್ಮು. ಶಾಯಿ ಚೆಲ್ಲಿಕೊಂಡು ಅತ್ತಿದ್ಯಲ್ಲ, ಅದನ್ನ ಅವ್ವ ಕೌದಿಗೆ ಹಾಕಿದ್ಲು. ಎಲ್ಲಕ್ಕಿಂತ ಮೊದಲು ಇದನ್ನೇ ಬರೆದದ್ದು” ಎಂದಳು.

ಅದರ ಆಚೆಯ ಹಸಿರು ತುಂಡು ಅರ್ಧ ಕಾಣುತ್ತಿತ್ತು. ಇನ್ನಷ್ಟು ಒರೆಸಲಾ ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿ, ಬಕೆಟ್ಟಿನವನ ಕಡೆ ತಿರುಗಿದಳು. “ಬಳ್ಕೊಳ್ಳಪ್ಪ. ಪಟ್ಟೆ ಮಾತ್ರ ನೆಟ್ಟಗೆ ಎಳಿ, ಸೊಟ್ಟಾಗೈತೆ.”

“ಆತ್ರೀ ಮೇಡಂ” ಎಂದು ಅವನು ಅಂಗೈ ಅಗಲದ ಆ ಜಾಗದ ಮೇಲೆ ಬ್ರಷ್ ಎಳೆದ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ನನ್ನ ಭುಜಕ್ಕೆ ಒರಗಿ ನಿದ್ದೆಹೋದಳು. ನಡುಗುವ ಕೈ ನನ್ನ ಮಡಿಲಲ್ಲಿತ್ತು, ಉಗುರಿನ ಸಂದಿಯಲ್ಲಿ ಸುಣ್ಣ. ಸುಣ್ಣ ಚರ್ಮವನ್ನು ಸುಡುತ್ತದೆ, ತೊಳೆಯಬೇಕಿತ್ತು. ಬಾಟಲಿಯಲ್ಲಿ ನೀರೂ ಇತ್ತು. ಆದರೆ ಎಬ್ಬಿಸಿದರೆ ಮತ್ತೆ ನಿದ್ದೆ ಬರುವುದಿಲ್ಲ. ಟವೆಲ್ಲಿನ ಒದ್ದೆ ತುದಿಯಿಂದ, ಅವಳಿಗೆ ಎಚ್ಚರವಾಗದಷ್ಟು ಮೆಲ್ಲಗೆ, ಒಂದೊಂದೇ ಬೆರಳು ಒರೆಸುತ್ತ ದಾವಣಗೆರೆಯವರೆಗೆ ಕುಳಿತಿದ್ದೆ. ನನ್ನ ಬೆರಳುಗಳಿಗೆ ಮೆತ್ತಿದ ಸುಣ್ಣ ಉರಿಯತೊಡಗಿದ್ದು ಬಸ್ಸು ಇಳಿದ ಮೇಲೆಯೇ ಗೊತ್ತಾಯಿತು.