ಒಂಟಿಯಾಗಿ ಬಂದವರ ಸೋದರತ್ತೆ

ಬೆಳಿಗ್ಗೆ ಐದೂವರೆ. ದೇವಸ್ಥಾನದ ಉಚಿತ ಛತ್ರದ ನೆಲಮಹಡಿಯಲ್ಲಿ ಟ್ಯೂಬ್‌ಲೈಟೊಂದು ಹೊತ್ತಿಕೊಳ್ಳಲೋ ಬೇಡವೋ ಎಂದು ಮಿಣುಕುತ್ತಿದೆ. ಬಲಗೈಯಲ್ಲಿ ಬಕೆಟ್ಟು, ಎಡ ಕಂಕುಳಲ್ಲಿ ಪೊರಕೆ, ಸೊಂಟಕ್ಕೆ ಬಿಗಿದ ಸೆರಗು. ಐವತ್ತೇಳರ ಹೆಂಗಸೊಬ್ಬರು ಏಳನೇ ನಂಬರಿನ ರೂಮಿನ ಮುಂದೆ ನಿಲ್ಲುತ್ತಾರೆ. ಬಕೆಟ್ಟನ್ನು ಸದ್ದಾಗದಂತೆ ಕೆಳಗಿಟ್ಟು, ಬೆರಳ ಗೆಣ್ಣಿನಿಂದ ಎರಡು ಸಲ ಬಾಗಿಲು ತಟ್ಟುತ್ತಾರೆ.

“ನೀರು ಬರ್ತಿದೆಯಾ?”

ಒಳಗೆ ಮಂಚ ಕಿರುಗುಟ್ಟುತ್ತದೆ. ಹೆಜ್ಜೆ ಸಪ್ಪಳ, ನಲ್ಲಿ ತಿರುಗಿಸಿದ ಸದ್ದು. “ಬರ್ತಿದೆಯಮ್ಮ,” ಎನ್ನುತ್ತದೆ ನಿದ್ದೆಗಣ್ಣಿನ ಗಂಡು ದನಿ.

“ಸರಿ,” ಎಂದು ಬಕೆಟ್ಟೆತ್ತಿಕೊಂಡು ಅವರು ಎಂಟನೇ ನಂಬರಿಗೆ ನಡೆಯುತ್ತಾರೆ. ಅಲ್ಲೂ ಅದೇ ಪ್ರಶ್ನೆ. ಒಂಬತ್ತು, ಹತ್ತರಲ್ಲೂ ಅದೇ. ಹನ್ನೊಂದರ ಮುಂದೆ ಮಾತ್ರ ತಟ್ಟದೆ ಹಾದುಹೋಗುತ್ತಾರೆ. ಅಲ್ಲಿರುವುದು ಆರು ಜನರ ಕುಟುಂಬ. ಒಳಗಿನ ಮಕ್ಕಳ ಜಗಳ ಪಡಸಾಲೆಯ ತುದಿಯವರೆಗೂ ಕೇಳಿಸುತ್ತಿದೆ.

ಇಲ್ಲಿ ನೀರಿಗೆ ಅಷ್ಟು ತೊಂದರೆಯೇ ಎಂದು ಕೇಳುತ್ತೇನೆ. ಅವರು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡುತ್ತಾರೆ.

“ನಾನು ಬಂದು ಇಪ್ಪತ್ತೆರಡು ವರ್ಷ ಆಯ್ತು, ಒಂದು ದಿನ ನೀರು ನಿಂತಿದ್ದಿಲ್ಲ. ಹೇಗಿದ್ದೀರಿ ಅಂತ ಕೇಳಿದ್ರೆ ಯಾರಾದ್ರೂ ಮಲಗಿದ್ದಲ್ಲಿಂದಲೇ ಚೆನ್ನಾಗಿದ್ದೀನಿ ಅಂದುಬಿಡ್ತಾರೆ. ನೀರು ಬರ್ತಿದೆಯಾ ಅಂದ್ರೆ ಎದ್ದು ಹೋಗಿ ನಲ್ಲಿ ತಿರುಗಿಸಲೇಬೇಕು. ಎದ್ರು, ನಡೆದ್ರು, ಮಾತಾಡಿದ್ರು. ನನಗೆ ಅಷ್ಟು ಗೊತ್ತಾದ್ರೆ ಸಾಕು.”

ಏಳರಿಂದ ಹತ್ತರವರೆಗಿನ ಈ ನಾಲ್ಕು ರೂಮುಗಳು ಒಂಟಿಯಾಗಿ ಬಂದವರಿಗೆ ಮೀಸಲು. ಇಂಥ ಮೀಸಲು ಇರುವ ಉಚಿತ ಛತ್ರ ಬೇರೆಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಯಾತ್ರೆಗೆ ಒಬ್ಬರೇ ಹೋದವರಿಗೆ ಈ ಕಷ್ಟ ಗೊತ್ತಿರುತ್ತದೆ. ಕೌಂಟರಿನಲ್ಲಿ ಗುರುತಿನ ಚೀಟಿ ನೋಡುತ್ತಾರೆ, “ಎಷ್ಟು ಜನ?” ಎನ್ನುತ್ತಾರೆ, “ಒಬ್ಬರೇ” ಎಂದ ಕೂಡಲೇ ಚೀಟಿ ವಾಪಸ್ಸು ಬರುತ್ತದೆ. ಈ ಛತ್ರದಲ್ಲೂ ಅದೇ ನಿಯಮವಿತ್ತು. ಬಹಳ ಹಿಂದೆ ಒಬ್ಬರು ಒಳಗಿಂದ ಬಾಗಿಲು ಹಾಕಿಕೊಂಡವರು ಮತ್ತೆ ತೆರೆಯಲೇ ಇಲ್ಲವಂತೆ. ಆಗಿನ ಆಡಳಿತ ಮಂಡಳಿ ಅಂದೇ ತೀರ್ಮಾನ ಮಾಡಿತು, ಒಂಟಿ ಜನಕ್ಕೆ ರೂಮಿಲ್ಲ ಎಂದು.

ಆ ನಿಯಮ ಈಗಿಲ್ಲ. ಅದು ಹೋದದ್ದು ಅರ್ಜಿಯಿಂದಲೂ ಅಲ್ಲ, ಹೋರಾಟದಿಂದಲೂ ಅಲ್ಲ. ರೂಮು ಗುಡಿಸುವ ಈ ಹೆಂಗಸಿನ ಬಾಯಿ ಸುಮ್ಮನಿರದೆ ಇದ್ದದ್ದರಿಂದ.

ಛತ್ರದಲ್ಲಿ ಎಲ್ಲರೂ ಅವರನ್ನು ‘ಅತ್ತೆ’ ಎನ್ನುತ್ತಾರೆ. ಗುಮಾಸ್ತರು, ಪಂಪ್ ಆಪರೇಟರ್, ಬಟ್ಟೆ ಒಗೆಯುವವರು, ಕೊನೆಗೆ ಮ್ಯಾನೇಜರ್ ಕೂಡ. ಅವರಿಗಿಂತ ಹನ್ನೆರಡು ವರ್ಷ ದೊಡ್ಡವರಾದ ಗೇಟಿನ ಕಾವಲುಗಾರರದ್ದು ಇದೇ ತಕರಾರು: “ಮಗಳನ್ನೂ ಕೊಡದೆ ಅತ್ತೆ ಆಗಿ ಕೂತವ್ರು ಇವರೊಬ್ಬರೇ ನೋಡಿ.”

ಆ ಹೆಸರು ಬಂದದ್ದು ಹದಿನಾಲ್ಕು ವರ್ಷದ ಹಿಂದಿನ ಒಂದು ಮಧ್ಯಾಹ್ನದಿಂದ. ಅತ್ತೆ ಆಗ ಕೌಂಟರಿನ ಮುಂದಿನ ನೆಲ ಒರೆಸುತ್ತಿದ್ದರು. ಮೂವತ್ತೈದರ ಆಸುಪಾಸಿನ ಹೆಂಗಸೊಬ್ಬರು, ಕೈಯಲ್ಲೊಂದು ಬಟ್ಟೆಯ ಚೀಲ ಮತ್ತು ಕೊಡೆ ಹಿಡಿದು, ರೂಮು ಕೇಳಿದರು. ಗುಮಾಸ್ತರು ನಿಯಮ ಹೇಳಿದರು. ಹೆಂಗಸು ಹೊರಗೆ ಹೋಗಿ, ಸಾಲಿನಲ್ಲಿದ್ದ ಒಂದು ಸಂಸಾರದವರ ಹತ್ತಿರ “ನಿಮ್ಮ ಜೊತೆ ನನ್ನ ಹೆಸರೂ ಬರೆಸ್ಕೊಳ್ತೀರಾ?” ಎಂದು ಕೇಳಿದರು. ಅವರು ಮುಖ ತಿರುಗಿಸಿದರು. ಇನ್ನೊಂದು ಸಂಸಾರವನ್ನು ಕೇಳಿದರು. ಹೀಗೆ ನಾಲ್ಕು ಕಡೆ. ಆಮೇಲೆ ಮತ್ತೆ ಕೌಂಟರಿಗೆ ಬಂದು, ಏನೂ ಕೇಳದೆ ಸುಮ್ಮನೆ ನಿಂತರು.

“ಅವರು ಅತ್ತಿದ್ರೆ ನಾನು ನನ್ನ ಪಾಡಿಗೆ ಒರೆಸ್ಕೊಂಡು ಹೋಗ್ತಿದ್ನೇನೋ,” ಎನ್ನುತ್ತಾರೆ ಅತ್ತೆ. “ಇಲ್ಲಿ ಅಳೋರು ದಿನಾ ಬರ್ತಾರೆ. ಅವರು ಅಳಲಿಲ್ಲ. ಒಬ್ಬಳೇ ಯಾಕೆ ಬಂದ್ಲು, ಅದೂ ಇಷ್ಟು ಹಟ ಹಿಡಿದು ಯಾಕೆ ನಿಂತಿದ್ದಾಳೆ ಅಂತ ನನಗೆ ತಿಳ್ಕೊಳ್ಳಲೇಬೇಕು ಅನ್ನಿಸ್ತು. ಕೆಟ್ಟ ಕುತೂಹಲ ನಂದು. ಸಾರ್, ಇವಳು ನಮ್ಮ ಅಣ್ಣನ ಮಗಳು ಅಂದುಬಿಟ್ಟೆ.”

ಗುಮಾಸ್ತರು ಕನ್ನಡಕ ಇಳಿಸಿ ನೋಡಿದರು. “ನಿಮಗೆ ಅಣ್ಣ ಎಲ್ಲಿದ್ದಾರಮ್ಮ?”

“ಇಷ್ಟು ವರ್ಷ ನೀವು ಕೇಳೇ ಇಲ್ವಲ್ಲ ಸಾರ್.”

ಅತ್ತೆಗೆ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಇರುವುದು ಇಬ್ಬರು ಅಕ್ಕಂದಿರು. ಗುಮಾಸ್ತರಿಗೂ ಅದು ಗೊತ್ತಿತ್ತು. ಆದರೆ ಸಾಲು ಬೆಳೆಯುತ್ತಿತ್ತು, ಅವರಿಗೆ ಊಟದ ಹೊತ್ತೂ ಆಗಿತ್ತು. ರಿಜಿಸ್ಟರಿನ ‘ಸಂಬಂಧ’ ಎಂಬ ಕಲಮಿನಲ್ಲಿ ‘ಸೋದರತ್ತೆ’ ಎಂದು ಬರೆದು, ಪಕ್ಕದಲ್ಲಿ ಅತ್ತೆಯ ಸಹಿ ಹಾಕಿಸಿಕೊಂಡರು. ಇನ್ನು ಮೂರು ತಿಂಗಳಿಗೆ ನಿವೃತ್ತರಾಗಲಿರುವ ಅವರು ನನ್ನೆದುರು ಅದನ್ನು ಈಗ ನಗುತ್ತಲೇ ಒಪ್ಪಿಕೊಳ್ಳುತ್ತಾರೆ.

ಸೋದರತ್ತೆಯೇ ಯಾಕೆ? ಇದನ್ನು ಕೇಳಿದಾಗ ಅತ್ತೆಯ ಮುಖದಲ್ಲಿ ಕಸುಬು ಬಲ್ಲವರ ಗತ್ತು ಕಾಣುತ್ತದೆ. “ಅಮ್ಮ ಅಂದ್ರೆ ಕಾರ್ಡು ತೋರಿಸು ಅಂತಾರೆ. ಅಕ್ಕ ಅಂದ್ರೆ ಮುಖ ಹೋಲುತ್ತಾ ಅಂತ ನೋಡ್ತಾರೆ. ಸೋದರತ್ತೆ ಅಂದ್ರೆ ಯಾರೂ ಹೆಚ್ಚು ಕೆದಕಲ್ಲ. ಎಲ್ಲರ ಮನೇಲೂ ಒಬ್ಬಳು ಇರ್ತಾಳೆ, ಎಲ್ಲಿದ್ದಾಳೆ ಅಂತ ಯಾರಿಗೂ ಸರಿಯಾಗಿ ಗೊತ್ತಿರಲ್ಲ.”

ಆ ಹೆಂಗಸು ಒಬ್ಬರೇ ಬಂದದ್ದೇಕೆ ಎಂಬುದು ಸಂಜೆಯೊಳಗೆ ತಿಳಿಯಿತು. ಗಂಡನ ಮನೆಯವರ ಜೊತೆ ಹದಿನೇಳು ವರ್ಷ ಸತತವಾಗಿ ಇಲ್ಲಿಗೆ ಬಂದಿದ್ದರಂತೆ. ಪ್ರತಿಸಲವೂ ಎಲ್ಲರ ಚಪ್ಪಲಿ, ಚೀಲ, ಮಲಗಿದ ಮಗು ಇವುಗಳನ್ನು ಕಾಯುವ ಕೆಲಸ ಅವರದು. ಉಳಿದವರು ದರ್ಶನ ಮುಗಿಸಿ ಬರುವಷ್ಟರಲ್ಲಿ ಹೊರಡುವ ಬಸ್ಸಿನ ಹೊತ್ತಾಗುತ್ತಿತ್ತು. ಈ ಸಲ ಕಾಯುವುದಕ್ಕೆ ಏನೂ ಇಲ್ಲದಂತೆ ಒಂದೇ ಚೀಲ ತಂದಿದ್ದರು. ದರ್ಶನ ಮುಗಿಸಿ ಬಂದವರು ರೂಮಿನ ಬಾಗಿಲು ತೆರೆದಿಟ್ಟುಕೊಂಡು ಕೂತಿದ್ದರು.

“ಸಮಾಧಾನ ಆಯ್ತಾ ಅಂತ ಕೇಳಿದೆ. ಎರಡು ಸಲ ಸಾಲಲ್ಲಿ ನಿಂತೆ ಅತ್ತೆ ಅಂದ್ಲು. ಮೊದಲನೇ ಸಲ ಸರಿಯಾಗಿ ಕಾಣಲಿಲ್ವಂತೆ. ಅತ್ತೆ ಅಂದಳಲ್ಲ, ಅದೇ ಅಂಟ್ಕೊಂಡ್ತು ನೋಡಿ.”

ಅಂದಿನಿಂದ ಶುರುವಾದದ್ದು ನಿಲ್ಲಲಿಲ್ಲ. ದಿನಕ್ಕೆ ಇಬ್ಬರು, ಕೆಲವೊಮ್ಮೆ ಆರು ಜನ. ಮಗಳ ಪರೀಕ್ಷೆಗೆ ಹರಕೆ ಹೊತ್ತ ಬಸ್ ಕಂಡಕ್ಟರ್. ಮದುವೆಯೇ ಆಗದ, ಆಗುವ ಯೋಚನೆಯೂ ಇಲ್ಲದ ಟೀಚರಮ್ಮ. ಹೆಂಡತಿ ಸತ್ತು ವರ್ಷವಾದ ಮೇಲೆ ಮೊದಲ ಸಲ ಮನೆಯಿಂದ ಹೊರಬಿದ್ದವರು. ವಯಸ್ಸಿಗೆ ತಕ್ಕಂತೆ ಸಂಬಂಧವೂ ಬದಲಾಗುತ್ತದೆ. ಕಿರಿಯರಿಗೆ ಸೋದರತ್ತೆ, ಓರಗೆಯವರಿಗೆ ನಾದಿನಿ, ಹಿರಿಯರಿಗೆ ತಂಗಿ. ಅತ್ತೆಯ ಸಹಿ ಇರುವ ರಿಜಿಸ್ಟರುಗಳು ಆಫೀಸಿನ ಕಪಾಟಿನಲ್ಲಿ ಒಂಬತ್ತಿವೆ. ಇಷ್ಟು ದೊಡ್ಡ ಬಳಗ ಈ ಊರಲ್ಲಿ ಇನ್ನಾರಿಗೂ ಇರಲಾರದು.

ಇದು ಸುಳ್ಳಲ್ಲವೇ? ಅಳುಕುತ್ತಲೇ ಕೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. “ಬರೆಯುವಾಗ ಸುಳ್ಳೇ. ರಾತ್ರಿ ಎಂಟಕ್ಕೆ ಊಟ ಆಯ್ತಾ ಅಂತ ಕೇಳಿ, ಬೆಳಿಗ್ಗೆ ಬಾಗಿಲು ತಟ್ಟಿ, ಬಸ್ಸು ಎಷ್ಟು ಗಂಟೆಗೆ ಅಂತ ವಿಚಾರಿಸಿದ ಮೇಲೆ ಇನ್ನೆಂಥ ಸುಳ್ಳು? ನನ್ನ ಅಕ್ಕನ ಮಕ್ಕಳನ್ನೇ ನಾನು ಅಷ್ಟು ವಿಚಾರಿಸಲ್ಲ.”

ಹಾಗೆಂದು ಎಲ್ಲರಿಗೂ ಸಹಿ ಹಾಕುವುದಿಲ್ಲ. ಬಂದವರನ್ನು ಮೊದಲು ಬೆಂಚಿನ ಮೇಲೆ ಕೂರಿಸಿ, “ನಾಳೆ ಏನು ಮಾಡ್ತೀರಿ?” ಎಂದು ಕೇಳುತ್ತಾರೆ. ಬಸ್ಸಿನ ಹೊತ್ತು ಹೇಳಿದವರು, ಬಟ್ಟೆ ಒಣಗಿಸಲು ಜಾಗ ಕೇಳಿದವರು, ಊಟದ ರುಚಿಯ ಬಗ್ಗೆ ಗೊಣಗಿದವರು ಪಾಸು. ನಾಳೆಯ ಮಾತು ಬಂದಾಗ ತಡವರಿಸಿದವರನ್ನು ವಾಪಸ್ಸು ಕಳಿಸುವುದಿಲ್ಲ. ಮುಚ್ಚಿದ ರೂಮಿನ ಬದಲು ಮೂವತ್ತು ಚಾಪೆಗಳ ದೊಡ್ಡ ಹಾಲಿನಲ್ಲಿ, ಬಾಯಿಬಡುಕರಾದ ಯಾವುದಾದರೂ ಸಂಸಾರದ ಪಕ್ಕ ಜಾಗ ಮಾಡಿಕೊಡುತ್ತಾರೆ. ಊರಿನ ಫೋನ್ ನಂಬರು ಇಸಿದುಕೊಂಡು ಮ್ಯಾನೇಜರಿಗೆ ಮುಟ್ಟಿಸುತ್ತಾರೆ.

ಇಷ್ಟೆಲ್ಲ ನಡೆಯುವುದು ಕೆಲಸದ ನಡುವೆಯೇ. ಅತ್ತೆಯ ಪಾಲಿಗೆ ಇಪ್ಪತ್ತೆರಡು ರೂಮು, ನಲವತ್ತನಾಲ್ಕು ಹಾಸಿಗೆ, ಎರಡು ಪಡಸಾಲೆ. ಫಿನಾಯಿಲಿಗೆ ಒಡೆದ ಅಂಗೈಯನ್ನು ಅವರು ಮಾತಾಡುವಾಗ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾರೆ.

ಮನೆ ಛತ್ರದ ಹಿಂದಿನ ಬೀದಿಯಲ್ಲಿ, ಮೆಟ್ಟಿಲ ಕೆಳಗಿನ ಎರಡು ಕೋಣೆ. ಗಂಡ ಬಸ್ಸಿನ ಎಂಜಿನ್ ರಿಪೇರಿ ಮಾಡುತ್ತಿದ್ದವರು, ಆ ಸದ್ದಿನಲ್ಲೇ ಕಿವಿ ಕಳೆದುಕೊಂಡವರು. “ಛತ್ರದಲ್ಲಿ ಎರಡು ಸಲ ತಟ್ಟಿದ್ರೆ ಸಾಕು, ಮನೇಲಿ ಮೂರು ಸಲ ಕಿರುಚಬೇಕು,” ಎಂದು ಅತ್ತೆ ಗಂಡನ ಎದುರೇ ಹೇಳುತ್ತಾರೆ. ಅವರು ತಲೆಯಾಡಿಸಿ ನಗುತ್ತಾರೆ. ಏನು ಕೇಳಿಸಿತೋ. ಮಗಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ಅವಳಿಗೆ ಅಮ್ಮನ ಈ ಸಹಿಗಳ ವಿಷಯ ಮೊದಲಿನಿಂದಲೂ ಹಿಡಿಸಿಲ್ಲ. “ಯಾರಿಗೋ ಏನೋ ಆದ್ರೆ ಪೊಲೀಸರು ಬಂದು ಕೇಳೋದು ಸಹಿ ಹಾಕಿದವರನ್ನೇ ಅಲ್ವಾ? ನಮ್ಮಮ್ಮನಿಗೆ ಹೇಳಿ ಹೇಳಿ ಸಾಕಾಯ್ತು,” ಎನ್ನುತ್ತಾಳೆ.

ಮಗಳು ಹೆದರಿದ್ದು ಮೂರು ವರ್ಷದ ಹಿಂದೆ ನಡೆದೇ ಹೋಯಿತು. ಎಪ್ಪತ್ತು ದಾಟಿದ ಟೈಲರೊಬ್ಬರು ಒಬ್ಬರೇ ಬಂದರು. ಅತ್ತೆ ‘ತಂಗಿ’ ಎಂದು ಸಹಿ ಹಾಕಿದರು. ರಾತ್ರಿ ಮಾತಾಡಿಸಿದಾಗ ಟೈಲರು ಗೆಲುವಾಗಿಯೇ ಇದ್ದರು, ಅತ್ತೆಯ ರವಿಕೆಯ ತೋಳಿನ ಹೊಲಿಗೆ ಸರಿಯಿಲ್ಲವೆಂದು ತಪ್ಪನ್ನೂ ಹಿಡಿದಿದ್ದರು. ಬೆಳಿಗ್ಗೆ ತಟ್ಟಿದರೆ ಸದ್ದಿಲ್ಲ. ನೀರು ಬರ್ತಿದೆಯಾ ಎಂದರು. ಮತ್ತೆ ತಟ್ಟಿದರು. ಬಾಗಿಲಿಗೆ ಕಿವಿಯಿಟ್ಟರೆ ಒಳಗೆ ಉಸಿರಿನಂಥದ್ದೇನೋ ಕೇಳಿತು.

“ಬಕೆಟ್ಟು ಒದ್ದು ಓಡಿದೆ. ಕಾವಲುಗಾರರು ಬಂದು ಕಿಟಕಿ ಗಾಜು ಒಡೆದು ಚಿಲಕ ತೆಗೆದ್ರು. ನೆಲದ ಮೇಲೆ ಬಿದ್ದಿದ್ರು. ಮೈಯೆಲ್ಲ ಬೆವರು.”

ಸಕ್ಕರೆ ಕಾಯಿಲೆಯವರು. ಹಿಂದಿನ ದಿನ ಮಾತ್ರೆ ನುಂಗಿ ಊಟ ಬಿಟ್ಟಿದ್ದರು. ಆಸ್ಪತ್ರೆಯ ವೈದ್ಯರು ಇನ್ನೊಂದು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು. ಸಂಜೆಗೆ ಕಣ್ಣುಬಿಟ್ಟರು. ಆದರೆ ಅಷ್ಟು ಹೊತ್ತಿಗೆ ಅವರ ಇಬ್ಬರು ಗಂಡುಮಕ್ಕಳು ಬಂದಿದ್ದರು. ರಿಜಿಸ್ಟರು ತೆಗೆಸಿ ನೋಡಿದರು. ನಮ್ಮಪ್ಪನಿಗೆ ತಂಗಿಯೇ ಇಲ್ಲ, ಈಕೆ ಯಾರು, ಏನು ಉದ್ದೇಶವಿಟ್ಟುಕೊಂಡು ಸಹಿ ಹಾಕಿದಳು ಎಂದು ಆಫೀಸಿನಲ್ಲಿ ಕೂಗಾಡಿದರು. ಮ್ಯಾನೇಜರು ಅವರನ್ನು ಸಮಾಧಾನ ಮಾಡಿ ಕಳಿಸಿ, ಅತ್ತೆಯನ್ನು ಕರೆಸಿದರು. ಇನ್ನು ಮೇಲೆ ಯಾವ ರಿಜಿಸ್ಟರಿಗೂ ಕೈ ಹಚ್ಚಕೂಡದು ಎಂದರು. ಪಡಸಾಲೆಯಿಂದ ತೆಗೆದು ತಾರಸಿಯ ಮೇಲಿನ ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕಿದರು.

ಐದು ತಿಂಗಳು ಅತ್ತೆ ತಾರಸಿಯ ಮೇಲೆ ಹೊದಿಕೆ ಹಿಂಡಿದರು. “ಕೆಲಸ ಕಷ್ಟ ಅನ್ನಿಸಲಿಲ್ಲ. ಅಲ್ಲಿಂದ ಗೇಟು ಕಾಣುತ್ತೆ, ಅದೇ ಕಷ್ಟ. ಒಬ್ಬೊಬ್ಬರೇ ಒಳಗೆ ಬರೋದು ಕಾಣೋದು. ಸ್ವಲ್ಪ ಹೊತ್ತಿಗೆ ಅವರೇ ಚೀಲ ಎತ್ಕೊಂಡು ವಾಪಸ್ ಹೋಗೋದೂ ಕಾಣೋದು. ಆಮೇಲಾಮೇಲೆ ಗೇಟಿಗೆ ಬೆನ್ನು ಹಾಕಿ ಒಣಗಿಸ್ತಿದ್ದೆ.”

ಆರನೇ ತಿಂಗಳು ಟೈಲರು ಮತ್ತೆ ಬಂದರು, ಒಬ್ಬರೇ. ಕೌಂಟರಿನಲ್ಲಿ ರೂಮು ಕೇಳಿದರು. ಒಂಟಿಯವರಿಗೆ ಇಲ್ಲ ಎಂದಾಗ, “ನಾನು ಒಂಟಿಯಲ್ಲ, ನನ್ನ ತಂಗಿ ಇಲ್ಲೇ ಕೆಲಸ ಮಾಡ್ತಾಳೆ, ಕರೀರಿ,” ಎಂದು ಕೌಂಟರಿಗೆ ಅಂಟಿಕೊಂಡು ನಿಂತುಬಿಟ್ಟರು. ಹಿಂದೆ ಸಾಲು ಬೆಳೆಯಿತು. ಮ್ಯಾನೇಜರು ಎದ್ದು ಬರಬೇಕಾಯಿತು. ಮುಂದಿನದನ್ನು ಮ್ಯಾನೇಜರೇ ನನಗೆ ಹೇಳಿದರು.

“ನಿಮ್ಮ ಮಕ್ಕಳು ಅಷ್ಟು ರಾದ್ಧಾಂತ ಮಾಡಿ ಹೋದ್ರಲ್ಲ ಅಂದೆ. ಅವರು ನಿಧಾನವಾಗಿ ಹೇಳಿದ್ರು: ನಮ್ಮ ಮನೇಲಿ ಹನ್ನೊಂದು ಜನ ಇದ್ದೀವಿ ಸ್ವಾಮಿ, ಎಲ್ಲರೂ ಒಳ್ಳೆಯವರೇ. ಆದ್ರೆ ಒಂಬತ್ತು ಗಂಟೆವರೆಗೆ ನನ್ನ ಕೋಣೆ ಬಾಗಿಲು ಯಾರೂ ತಟ್ಟಲ್ಲ, ಮುದುಕ ಮಲಗ್ಲಿ ಅಂತ ಬಿಡ್ತಾರೆ. ಅವತ್ತು ನಾನು ಮನೇಲಿದ್ದಿದ್ರೆ ಉಳೀತಿರಲಿಲ್ಲ. ಹೀಗಂದ್ರು. ನನಗೂ ಮನೇಲಿ ತಂದೆ ಇದ್ದಾರೆ. ಆ ರಾತ್ರಿ ನಾನೇ ಕಾಗದ ತಗೊಂಡು ಮಂಡಳಿಗೆ ಬರೆದೆ.”

ಮಂಡಳಿ ಎರಡು ಸಭೆಗಳಲ್ಲಿ ವಾದ ಮಾಡಿ ಕೊನೆಗೆ ಒಪ್ಪಿತು. ಆಫೀಸಿಗೆ ಹತ್ತಿರದ ನಾಲ್ಕು ರೂಮುಗಳು ಒಂಟಿಯವರಿಗೆ. ಹೊರಗಿಂದಲೂ ತೆರೆಯಬಹುದಾದ ಚಿಲಕ. ರಿಜಿಸ್ಟರಿನಲ್ಲಿ ‘ಸಂಬಂಧ’ದ ಪಕ್ಕ ‘ವಿಚಾರಿಸಿಕೊಳ್ಳುವವರು’ ಎಂಬ ಹೊಸ ಕಲಮು. ತಾರಸಿಯಿಂದ ಪಡಸಾಲೆಗೆ ಮರಳಿದ ಅತ್ತೆ ಈಗ ಅಲ್ಲಿ ತಮ್ಮ ಸ್ವಂತ ಹೆಸರನ್ನೇ ಬರೆಯುತ್ತಾರೆ. ಸೋದರತ್ತೆ ಎಂದು ಬರೆಯುವ ಅಗತ್ಯವಿಲ್ಲ. ಅದೊಂದು ಅವರಿಗೆ ಸ್ವಲ್ಪ ನಿರಾಸೆಯೂ ಹೌದು. ಅವರ ರಜೆಯ ದಿನ ಕಾವಲುಗಾರರು ಬಾಗಿಲು ತಟ್ಟುತ್ತಾರೆ. ಅವರದು ಜೋರು ಕೈ, ಮಲಗಿದವರು ಬೆಚ್ಚಿಬೀಳುತ್ತಾರೆ ಎಂಬ ದೂರಿದೆ.

ಮಗಳು ಈಗಲೂ ಪೂರ್ತಿ ಒಪ್ಪಿಲ್ಲ. ಆದರೆ ತಿಂಗಳಿಗೊಮ್ಮೆ ಲ್ಯಾಬಿನಿಂದ ಸಕ್ಕರೆ ಅಳೆಯುವ ಯಂತ್ರ ತಂದು, ವಯಸ್ಸಾದವರಿಗೆ ಅದನ್ನು ಹೇಗೆ ನೋಡಬೇಕೆಂದು ಅಮ್ಮನಿಗೆ ಕಲಿಸಿ ಹೋಗುತ್ತಾಳೆ.

ಹತ್ತು ಗಂಟೆಗೆ ಕೆಲಸ ಒಂದು ಹಂತಕ್ಕೆ ಬರುತ್ತದೆ. ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಕೂತು ಟೀ ಕುಡಿಯುತ್ತಾರೆ. ಇಷ್ಟು ಜನ ಒಂಟಿಯವರನ್ನು ನೋಡಿದ್ದೀರಿ, ನಿಮಗೇನು ಅನ್ನಿಸುತ್ತದೆ ಎಂದು ಕೇಳಿದೆ. ಅವರು ಲೋಟ ತಿರುಗಿಸುತ್ತಾ ಯೋಚಿಸಿದರು.

“ನಾನು ಇದುವರೆಗೆ ಒಬ್ಬಳೇ ಎಲ್ಲಿಗೂ ಹೋಗಿಲ್ಲ. ಅಕ್ಕನ ಮನೆಗೆ ಹೋದ್ರೂ ಇವರು ಇರ್ತಾರೆ, ಇಲ್ಲ ಮಗಳು ಇರ್ತಾಳೆ. ಒಂದು ಸಲ ಹೋಗಬೇಕು. ಸಮುದ್ರ ಇರೋ ಯಾವುದಾದ್ರೂ ಊರು. ದೇವರು ಇದ್ರೂ ಸರಿ, ಇಲ್ದಿದ್ರೂ ಸರಿ. ಯಾರೋ ಗುಡಿಸಿದ ರೂಮಿನಲ್ಲಿ, ಯಾರೋ ಹಾಸಿದ ಹಾಸಿಗೆ ಮೇಲೆ, ಕಾಲು ಚಾಚಿ ಕೂತು ಏನನ್ನಿಸುತ್ತೆ ಅಂತ ನೋಡಬೇಕು.”

ಟೀ ಮುಗಿಸಿ, ಲೋಟವನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದರು.

“ಬರುವಾಗ ಮಾತ್ರ ಹಾಸಿಗೆ ನಾನೇ ಮಡಚಿಟ್ಟು ಬರ್ತೀನಿ. ಅಲ್ಲಿ ಗುಡಿಸೋಳಿಗೂ ಒಂದು ಸೊಂಟ ಇರುತ್ತಲ್ಲ.”