ಕಾಮಾಕ್ಷಿ ಮೇಡಂ ನಡೆಸಿದ ಚುನಾವಣೆ

ಯಾರಾದರೂ ದೂರು ಹೊತ್ತು ಬಂದರೆ ಕಾಮಾಕ್ಷಿ ಮೇಡಂ ಅದನ್ನು ಪೂರ್ತಿ ಕೇಳುತ್ತಿದ್ದರು. ಮುಗಿದ ಮೇಲೆ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ, "ಸರಿ, ಈಗ ಅವರಾಗಿ ಹೇಳಿ" ಎನ್ನುತ್ತಿದ್ದರು. ಅಂದರೆ, ದೂರು ಯಾರ ಮೇಲಿದೆಯೋ ಅವರ ಜಾಗದಲ್ಲಿ ನಿಂತು, ಅದೇ ಕಥೆಯನ್ನು ಅವರ ಬಾಯಿಂದ ಹೇಳಬೇಕು. ಅವರ ಮನೆಗೆಲಸದ ಗೌರಮ್ಮ ಒಮ್ಮೆ ಸೊಸೆಯನ್ನು ಬೈಯುತ್ತ ಬಂದವರು, ಸೊಸೆಯಾಗಿ ಮಾತಾಡಲು ಹೊರಟು ಅರ್ಧಕ್ಕೇ ನಿಲ್ಲಿಸಿ, "ಹೋಗ್ಲಿ ಬಿಡಿ ಮೇಡಂ, ಅವಳಾಗಿ ಹೇಳಿದ್ರೆ ನಂಗೇ ಬೇಜಾರಾಗತ್ತೆ" ಎಂದು ಪೊರಕೆ ಕೈಗೆತ್ತಿಕೊಂಡದ್ದನ್ನು ನಾನೇ ಕಂಡಿದ್ದೇನೆ.

ವಿಚಾರಣಾ ನ್ಯಾಯಾಲಯದ ನ್ಯಾಯಾಧೀಶರಾಗಿ ನಿವೃತ್ತರಾದ ಅವರು ಹಲಸೂರಿನ ಮಾರುಕಟ್ಟೆಯ ಹಿಂದಿನ ಗಲ್ಲಿಯೊಂದರಲ್ಲಿ ವಾಸವಾಗಿದ್ದರು. ಸಿವಿಲ್ ನ್ಯಾಯಾಧೀಶರ ಪರೀಕ್ಷೆ ಬರೆಯುವ ನಮ್ಮಂಥ ಯುವ ವಕೀಲರಿಗೆ ಭಾನುವಾರ ಮನೆಯ ಮೇಲಿನ ಹಜಾರದಲ್ಲಿ ಉಚಿತವಾಗಿ ಪಾಠ ಹೇಳುತ್ತಿದ್ದರು. ಮನೆಮಾತು ತಮಿಳು, ಪಾಠ ಕನ್ನಡದಲ್ಲಿ, ಯಾರಾದರೂ ತೂಕಡಿಸಿದರೆ ಎಬ್ಬಿಸುವುದು ಮಾತ್ರ ದಖ್ಖನಿಯಲ್ಲಿ: "ಕ್ಯಾ ಮಿಯಾ, ಸೋಗಯೇ ಕ್ಯಾ?" ನಿದ್ದೆ ಹೋದವನು ಚಿತ್ರದುರ್ಗದ ಹುಡುಗನಾಗಿದ್ದರೂ ಅಷ್ಟೇ.

ನಾನು ದಾವಣಗೆರೆಯವಳು. ಇಂದಿರಾನಗರದ ವಕೀಲರೊಬ್ಬರ ಕಚೇರಿಯಲ್ಲಿ ಕಿರಿಯ ವಕೀಲೆಯಾಗಿ ಸೇರಿ, ಕೆ.ಆರ್. ಪುರದಲ್ಲಿ ಕೋಣೆ ಹಿಡಿದಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಹೆಚ್ಚು ಬಾರಿ ಗೆದ್ದ ವಿಷಯ 'ನ್ಯಾಯಾಧೀಶರನ್ನು ಜನರೇ ಚುನಾಯಿಸಬೇಕು' ಎಂಬುದು. ಗೆದ್ದೂ ಗೆದ್ದೂ ಅದು ನನ್ನ ನಂಬಿಕೆಯೇ ಆಗಿಹೋಗಿತ್ತು. ನಮ್ಮಲ್ಲಿ ನ್ಯಾಯಾಧೀಶರಾಗಲು ಲಿಖಿತ ಪರೀಕ್ಷೆ, ಆಮೇಲೆ ಸಂದರ್ಶನ. ಜನರನ್ನು ಯಾರೂ ಕೇಳುವುದಿಲ್ಲ. ಇದು ಅನ್ಯಾಯವೆಂದು ಮೊದಲ ಭಾನುವಾರವೇ ಎದ್ದು ನಿಂತು ವಾದಿಸಿದೆ. ಮೇಡಂ ಅಡ್ಡಿಪಡಿಸದೆ ಕೇಳಿ, "ಒಳ್ಳೇದು. ಹಾಗಾದ್ರೆ ನಿಲ್ಲಿ, ನಮ್ಮಲ್ಲಿ ಎಲೆಕ್ಷನ್ ಇದೆ" ಎಂದರು. ತಮಾಷೆ ಮಾಡುತ್ತಿದ್ದಾರೆಂದುಕೊಂಡೆ. ಆದರೆ ಚುನಾವಣೆ ನಿಜವಾಗಿಯೂ ಇತ್ತು.

ತಿಂಗಳಿಗೊಮ್ಮೆ ಇಬ್ಬರು ವಿದ್ಯಾರ್ಥಿಗಳು ನ್ಯಾಯಾಧೀಶ ಸ್ಥಾನಕ್ಕೆ ಅಭ್ಯರ್ಥಿಗಳಾಗಿ ನಿಲ್ಲಬೇಕು. ಮತದಾರರು ಆ ಗಲ್ಲಿಯ ಜನ: ಆಟೋ ನಿಲ್ದಾಣದವರು, ಇಸ್ತ್ರಿಯವರು, ಅಕ್ಕಪಕ್ಕದ ಮನೆಯವರು. ಅಭ್ಯರ್ಥಿ ಮೊದಲು ಮಾತಾಡಬೇಕು, ಆಮೇಲೆ ಮತದಾರರು ಕೇಳಿದ್ದಕ್ಕೆಲ್ಲ ಉತ್ತರಿಸಬೇಕು. ಪರದೆಯ ಹಿಂದೆ ಎರಡು ಕೊಳಗ. ಒಬ್ಬೊಬ್ಬರೂ ಒಂದು ಬಟ್ಟಲು ಕಡಲೆಕಾಳನ್ನು ತಮಗೆ ಬೇಕಾದ ಕೊಳಗಕ್ಕೆ ಹಾಕಿ ಬರಬೇಕು. ಗೆದ್ದವರು ಮುಂದಿನ ಭಾನುವಾರ ಅಣಕು ನ್ಯಾಯಾಲಯದ ಪೀಠದಲ್ಲಿ ಕೂರುತ್ತಿದ್ದರು. ಆ ಮತಗಳೆಲ್ಲ ಅಷ್ಟರಲ್ಲಿ ನೆನೆದು, ಬೆಂದು, ತೆಂಗಿನ ತುರಿಯೊಂದಿಗೆ ಸುಂಡಲ್ ಆಗಿ ಮತದಾರರಿಗೇ ಮರಳುತ್ತಿದ್ದವು.

ಮೇಡಂ ನನ್ನ ಎದುರಾಳಿಯಾಗಿ ನಿಲ್ಲಿಸಿದ್ದು ಸಲೀಂ ಅವರನ್ನು. ಶಿವಾಜಿನಗರದವರು, ಮನೆಯವರದು ಹಳೆಯ ವಾಹನಗಳ ಬಿಡಿಭಾಗಗಳ ಅಂಗಡಿ. ಲಿಖಿತ ಪರೀಕ್ಷೆಯಲ್ಲಿ ಎರಡು ಬಾರಿ ತೇರ್ಗಡೆಯಾಗಿ, ಎರಡೂ ಬಾರಿ ಸಂದರ್ಶನದಲ್ಲಿ ಬಿದ್ದಿದ್ದರು. ವಯೋಮಿತಿಯ ಪ್ರಕಾರ ಆ ವರ್ಷವೇ ಅವರ ಕೊನೆಯ ಅವಕಾಶ. ತಪ್ಪಿದರೆ ನ್ಯಾಯಾಧೀಶನಾಗುವ ದಾರಿ ಶಾಶ್ವತವಾಗಿ ಮುಚ್ಚಿದಂತೆ. ಬೀಳುವುದೇಕೆಂದು ನಾನು ಕೇಳಿದಾಗ ಅವರು ನಕ್ಕು ಹೇಳಿದ್ದು ಇಷ್ಟು: "ಪ್ರಶ್ನೆ ಕೇಳಿದ್ರು. ನಾನು ಯೋಚ್ನೆ ಮಾಡ್ತಾ ಇದ್ದೆ. ಅಷ್ಟರಲ್ಲಿ ಥ್ಯಾಂಕ್ಯೂ ಅಂದ್ಬಿಟ್ರು."

ಗಲ್ಲಿಯ ಚುನಾವಣೆಯಲ್ಲೂ ಅವರು ಒಮ್ಮೆಯೂ ಗೆದ್ದವರಲ್ಲ. ಆದರೂ ಮೇಡಂ ಅವರನ್ನು ಮತ್ತೆ ಮತ್ತೆ ನಿಲ್ಲಿಸುತ್ತಿದ್ದರು. "ನಂಗ್ಯಾರು ಓಟ್ ಹಾಕ್ತಾರೆ, ಬಿಡಿ ಮೇಡಂ" ಎಂದು ಅವರು ಹಿಂಜರಿದರೆ, "ಓಟು ಯಾರಿಗೆ ಬೇಕಪ್ಪಾ. ನಿಮಗೆ ಬೇಕಿರೋದು ಪ್ರಶ್ನೆ" ಎನ್ನುತ್ತಿದ್ದರು. ನಮ್ಮಲ್ಲಿ ಕೆಲವರಿಗೆ ಅದು ಕ್ರೌರ್ಯವೆಂದೇ ತೋರುತ್ತಿತ್ತು.

ಮತದಾರರಲ್ಲಿ ಇಬ್ಬರ ನಡುವೆ ನಿಜವಾದ ವ್ಯಾಜ್ಯವೇ ಇತ್ತು. ಬ್ಯೂಟಿಪಾರ್ಲರ್ ನಡೆಸುವ ಸ್ಟೆಲ್ಲಾ ಆಂಟಿ ಬಾಡಿಗೆದಾರರು. ಆ ಮಳಿಗೆಯ ಮಾಲೀಕ ನಂಜಪ್ಪನವರು. ತವರಿಗೆ ಮರಳಿದ ಮಗಳಿಗೆ ಅಂಗಡಿ ಹಾಕಿಕೊಡಬೇಕು, ಖಾಲಿ ಮಾಡಿ ಎಂದು ಇವರು. ಇಷ್ಟು ವರ್ಷ ಕಟ್ಟಿದ ಗಿರಾಕಿಯನ್ನು ಬಿಟ್ಟು ಎಲ್ಲಿಗೆ ಹೋಗಲಿ ಎಂದು ಅವರು. ಹಜಾರದ ಎರಡು ಕೊನೆಗಳಲ್ಲಿ ಕೂರುತ್ತಿದ್ದರು.

ಆ ಭಾನುವಾರ ನಾನು ನನ್ನ ಅತ್ಯುತ್ತಮ ಭಾಷಣ ಮಾಡಿದೆ. ನನ್ನ ನ್ಯಾಯಾಲಯದಲ್ಲಿ ದುಡಿದು ತಿನ್ನುವವರು ಬೀದಿಗೆ ಬೀಳುವುದಿಲ್ಲ ಎಂದಾಗ ಸ್ಟೆಲ್ಲಾ ಆಂಟಿ ಚಪ್ಪಾಳೆ ತಟ್ಟಿದರು. ಆಟೋದವರು ಅವರನ್ನು ಅನುಸರಿಸಿದರು.

ಸಲೀಂ ನಿಂತ ಕೂಡಲೇ ನಂಜಪ್ಪನವರು, "ಭಾಷಣ ಬೇಡಪ್ಪಾ. ನನ್ ಕಟ್ಟಡ, ನನ್ ಮಗಳು. ನನ್ ಕೇಸು ನಿನ್ ಮುಂದೆ ಬಂದ್ರೆ ಏನ್ ಮಾಡ್ತೀಯ ಹೇಳು" ಎಂದರು.

ಸಲೀಂ ಯೋಚಿಸತೊಡಗಿದರು. ಹೊರಗೆ ಮೆಟ್ರೋ ಹಾದುಹೋದ ಸದ್ದು ಬಂತು. ಹಿಂದಿನ ಸಾಲಿನಿಂದ ಯಾರೋ, "ಗುರು, ಮುಂದಿನ್ ಸ್ಟೇಷನ್ ಬಂತು" ಎಂದು ಛೇಡಿಸಿದರು.

"ಗೊತ್ತಿಲ್ಲ ಸರ್," ಎಂದರು ಸಲೀಂ ಕೊನೆಗೆ. "ಆಂಟೀನೂ ಕೇಳ್ಬೇಕು."

"ಮತ್ತೆ ನಾನ್ ಕೇಳಿದ್ರೆ?" ಎಂದರು ಸ್ಟೆಲ್ಲಾ ಆಂಟಿ.

"ನಿಮಗೂ ಅದೇ ಆಂಟಿ. ಅವರನ್ನ ಕೂರಿಸ್ಕೊಂಡೇ ನಿಮ್ಮನ್ನ ಕೇಳ್ತೀನಿ."

ಕಾಳು ಅಳೆಯುವ ಅಗತ್ಯವೂ ಬೀಳಲಿಲ್ಲ; ನನ್ನ ಕೊಳಗ ತುಂಬಿತ್ತು, ಸಲೀಂ ಅವರದರಲ್ಲಿ ತಳ ಕಾಣುತ್ತಿತ್ತು. ಮೇಡಂ ನನ್ನನ್ನು ಅಭಿನಂದಿಸಿ, ಕಾಫಿ ಹಂಚುತ್ತ, ಸಹಜವಾಗಿ ಕೇಳುವವರಂತೆ ಸ್ಟೆಲ್ಲಾ ಆಂಟಿಯನ್ನು ಕೇಳಿದರು: "ಏನಮ್ಮಾ ಸ್ಟೆಲ್ಲಾ, ಕೇಸು ನಿಜವಾಗ್ಲೂ ಕೋರ್ಟಿಗೆ ಬಂದ್ರೆ ಈ ಇಬ್ಬರಲ್ಲಿ ಯಾರ್ ಮುಂದೆ ಹೋಗ್ತೀಯ?"

"ಅಯ್ಯೋ, ಸಲೀಂ ಮುಂದೆ."

"ಓಟು?"

"ಓಟು ಈ ಪಾಪೂಗೇ ಹಾಕಿದ್ದು, ಸುಳ್ಳ್ ಯಾಕೆ ಹೇಳ್ಲಿ. ಎಷ್ಟ್ ಚೆನ್ನಾಗ್ ಮಾತಾಡ್ತು." ಆಂಟಿ ನನ್ನ ಕೆನ್ನೆ ಸವರಿದರು. "ಈವತ್ತು ಈ ಪಾಪು ನನ್ ಕಡೆ. ನಾಳೆ ನಂಜಪ್ಪ ನನಗಿಂತ ಚೆನ್ನಾಗಿ ಅತ್ತುಬಿಟ್ರೆ ನನ್ ಗತಿ ಏನು?"

"ನಾನ್ಯಾಕಮ್ಮಾ ಅಳ್ಲಿ," ಎಂದರು ಆ ತುದಿಯಿಂದ ನಂಜಪ್ಪನವರು. "ಆದ್ರೂ ನಾನೂ ಆ ಹುಡುಗನ ಹತ್ರಾನೇ ಹೋಗೋದು." ಆ ಇಬ್ಬರೂ ಒಪ್ಪಿದ ಮೊದಲ ಮಾತು ಅದೇ ಇರಬೇಕು.

ಎಲ್ಲರೂ ಹೋದ ಮೇಲೆ ನಾನು ಲೋಟಗಳನ್ನು ಎತ್ತಿಡುತ್ತಿದ್ದೆ. ಮೇಡಂ ಹತ್ತಿರ ಬಂದು, "ನಿಮ್ಮ ಮಾತಿನ ಶಕ್ತಿ ದೊಡ್ಡದು ಕಣಮ್ಮಾ, ಅದನ್ನ ಬಿಡಬೇಡಿ. ಆದ್ರೆ ಅದು ವಕೀಲರ ಜಾಗದಲ್ಲಿ ನಿಂತು ಬಳಸೋದು. ಎಲ್ಲಿ ನಿಲ್ಲಬೇಕು ಅಂತ ನಿಧಾನವಾಗಿ ಯೋಚಿಸಿ" ಎಂದರು. ಯಾವ ಬಹುಮಾನವೂ ನನಗೆ ನನ್ನ ಜಾಗವನ್ನು ಇಷ್ಟು ಸ್ಪಷ್ಟವಾಗಿ ತೋರಿಸಿರಲಿಲ್ಲ. ನಾನು ಇಂದಿಗೂ ವಕೀಲೆಯಾಗಿಯೇ ಇದ್ದೇನೆ, ಅದರಲ್ಲಿ ತೃಪ್ತಿಯಿದೆ. ಆ ತೃಪ್ತಿ ಅವರು ಕೊಟ್ಟದ್ದು.

ಸಲೀಂ ಅವರಿಗೆ ಮೇಡಂ ಹೇಳಿದ್ದು ಬೇರೆ. "ನಿಮ್ಮ ಮೌನದಲ್ಲಿ ತಪ್ಪಿಲ್ಲ. ಅದರೊಳಗೆ ಏನ್ ನಡೀತಿದೆ ಅಂತ ಎದುರಿಗಿರೋರಿಗೆ ಕಾಣ್ತಿಲ್ಲ. ಇನ್ಮೇಲೆ ಯೋಚನೆಯನ್ನ ಬಾಯಿ ಬಿಟ್ಟು ಮಾಡಿ." ಅಲ್ಲಿಂದ ಸಂದರ್ಶನದವರೆಗೆ ಪ್ರತಿ ಭಾನುವಾರವೂ ಗಲ್ಲಿಗೆ ಗಲ್ಲಿಯೇ ಅವರನ್ನು ಪ್ರಶ್ನಿಸಿತು. ಸ್ಟೆಲ್ಲಾ ಆಂಟಿ ತಮಿಳಿನಲ್ಲಿ ಜಗಳ ತೆಗೆಯುತ್ತಿದ್ದರು. ನಂಜಪ್ಪನವರು ಖಾತೆ, ಪಹಣಿ ಎಂದು ಗದರುತ್ತಿದ್ದರು. ನಾನು ಎರಡೂ ಕಡೆಯ ವಕೀಲೆ. ಸಲೀಂ ಮೊದಮೊದಲು ಬೆವರಿದರು. ಬರಬರುತ್ತ, "ಇವರ ಮಾತು ಹೀಗಿದೆ, ಆದರೆ ಇದಕ್ಕೆ ಸಾಕ್ಷಿ ಬೇಕು, ಅವರ ಮಾತಿನಲ್ಲಿ ಇದು ನಿಜವಿರಬಹುದು" ಎಂದು ತಮ್ಮ ಯೋಚನೆಯನ್ನು ಮೆಟ್ಟಿಲು ಮೆಟ್ಟಿಲಾಗಿ ನಮಗೆ ಕೇಳಿಸತೊಡಗಿದರು.

ಆ ಸಲ ಸಂದರ್ಶನದಲ್ಲಿ ಯಾರೂ ಅವರಿಗೆ ನಡುವೆ ಥ್ಯಾಂಕ್ಯೂ ಹೇಳಲಿಲ್ಲ. ಅವರು ಆಯ್ಕೆಯಾದರು.

ಅವರು ತರಬೇತಿಗೆ ಹೋಗುವ ಹೊತ್ತಿಗೆ ಮೇಡಂ ಹಾಸಿಗೆ ಹಿಡಿದಿದ್ದರು. ಬೀಳ್ಕೊಳ್ಳಲು ನಾವಿಬ್ಬರೂ ಒಟ್ಟಿಗೇ ಹೋದೆವು. ಸಲೀಂ ಏನೋ ಕೃತಜ್ಞತೆಯ ಮಾತು ಶುರುಮಾಡಿ, ಎಂದಿನಂತೆ ನಡುವೆ ನಿಂತುಬಿಟ್ಟರು. ಮೇಡಂ ಕಾದರು. ಆಮೇಲೆ ಅವರೇ, "ಮೊದಲನೇ ತೀರ್ಪು ಕೊಟ್ಟ ದಿನ ಫೋನ್ ಮಾಡಿ. ಯಾರು ಗೆದ್ರು ಅಂತ ಹೇಳೋದು ಬೇಡ. ಸೋತವರು ಏನಂದ್ರು ಅಂತ ಹೇಳಿ" ಎಂದರು. ನಾನು ಮೇಡಂ ಅವರನ್ನು ನೋಡಿದ್ದು ಅದೇ ಕೊನೆ.

ಸಲೀಂ ರಾಯಚೂರು ಸೀಮೆಯ ಒಂದು ಊರಿನಲ್ಲಿ ಮೊದಲ ತೀರ್ಪು ಕೊಡುವಷ್ಟರಲ್ಲಿ ಮೇಡಂ ಇರಲಿಲ್ಲ. ಅಂದು ಸಂಜೆ ಸಲೀಂ ನನಗೆ ಫೋನ್ ಮಾಡಿದರು. "ಯಾರಿಗಾದ್ರೂ ಹೇಳ್ಬೇಕಲ್ಲ" ಎಂದರು. ಎರಡು ಹೊಲಗಳ ನಡುವಿನ ದಾರಿಯ ವ್ಯಾಜ್ಯವಂತೆ. ಇಬ್ಬರ ಕಡೆಯನ್ನೂ ನಿಧಾನವಾಗಿ, ನಡುನಡುವೆ ನಿಲ್ಲಿಸುತ್ತ ಹೇಳಿದರು. ಆ ನಿಲುಗಡೆಗಳಲ್ಲಿ ನಾನು ಒಂದು ಮಾತನ್ನೂ ತುಂಬಲಿಲ್ಲ.

ತೀರ್ಪು ಓದಿದ ಮೇಲೆ ಸೋತ ಮುದುಕ ಕೈಮುಗಿದು ನಿಂತು ಅಂದದ್ದು ಹೀಗೆ: "ಸಾಹೇಬ್ರ, ನಾ ಅಪೀಲಿಗಿ ಹೋಗಾಂವ ಅದೀನಿ. ಆದ್ರ ನೀವು ಮೊದಲ ಎದ್ದು ಉಣ್ಣಾಕ ಹೋಗ್ರಿ. ಮುಂಜಾನಿಂದ ನಮ್ಮ ಮಾತ ಕೇಳಾಕತ್ತೀರಿ."